ದ ಮೀಟರ್ಸ್: ನಾಲ್ಕೇ ಜನ, ನಡುವೆ ಬೇಕಾದಷ್ಟು ಜಾಗ

1969ರಲ್ಲಿ ನ್ಯೂಯಾರ್ಕಿನ ಜೋಸಿ ಎಂಬ ಸಣ್ಣ ಕಂಪನಿ ಮಾತಿಲ್ಲದ ಒಂದು ರೆಕಾರ್ಡು ಬಿಟ್ಟಿತು. ಹಾಡುಗಾರನಿಲ್ಲ, ಹಿತ್ತಾಳೆ ವಾದ್ಯಗಳಿಲ್ಲ. ಶುರುವಿನಲ್ಲಿ ಒಂದು ಕೂಗು, ಆಮೇಲೆ ಡ್ರಮ್, ಬೇಸ್, ಗಿಟಾರ್, ಆರ್ಗನ್, ಅಷ್ಟೇ. ‘ಸಿಸ್ಸಿ ಸ್ಟ್ರಟ್’ ಎಂಬ ಆ ತುಣುಕು ಅಮೆರಿಕದ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ, ಪಾಪ್ ಪಟ್ಟಿಯಲ್ಲಿ 23ಕ್ಕೆ ಏರಿತು. ನುಡಿಸಿದವರು ಅದೇ ದೇಶದ ದಕ್ಷಿಣದ ಊರು ನ್ಯೂ ಆರ್ಲಿಯನ್ಸಿನ ನಾಲ್ವರು: ಆರ್ಗನ್‌ನಲ್ಲಿ ಆರ್ಟ್ ನೆವಿಲ್, ಗಿಟಾರ್‌ನಲ್ಲಿ ಲಿಯೊ ನೊಸೆಂಟೆಲ್ಲಿ, ಬೇಸ್‌ನಲ್ಲಿ ಜಾರ್ಜ್ ಪೋರ್ಟರ್ ಜೂನಿಯರ್, ಡ್ರಮ್ಸ್‌ನಲ್ಲಿ ಜೋಸೆಫ್ ‘ಜಿಗಬೂ’ ಮೋಡೆಲಿಸ್ಟ್. ತಂಡದ ಹೆಸರು ದ ಮೀಟರ್ಸ್.

ಫಂಕ್, ಅಂದರೆ ಲಯವನ್ನೇ ಮುಂದಿಟ್ಟ ಅಮೆರಿಕದ ಕಪ್ಪು ಜನರ ಕುಣಿತದ ಸಂಗೀತ, ಕಲಿಯಲು ಹೊರಟವರೆಲ್ಲ ಒಂದಲ್ಲ ಒಂದು ದಿನ ಈ ತುಣುಕನ್ನು ನುಡಿಸಿಯೇ ನುಡಿಸುತ್ತಾರೆ. ಸ್ವರಗಳು ಕಷ್ಟದವಲ್ಲ, ಮಧ್ಯಾಹ್ನದೊಳಗೆ ಕೈಗೆ ಬರುತ್ತವೆ. ಆದರೂ ಮೂಲದ ಪಕ್ಕ ಇಟ್ಟು ಕೇಳಿದರೆ ನಮ್ಮದು ಮರದ ಕಾಲಲ್ಲಿ ನಡೆದ ಹಾಗಿರುತ್ತದೆ. ಕಾರಣ ಅವರ ಬೆರಳಿನ ವೇಗದಲ್ಲಿಲ್ಲ. ಯಾರು ಯಾವಾಗ ಸುಮ್ಮನಿರಬೇಕು ಎಂಬುದರಲ್ಲಿ ಈ ನಾಲ್ವರಿಗೆ ಇದ್ದ ಒಪ್ಪಂದದಲ್ಲಿದೆ. ಈ ತಂಡದ ಪ್ರಭಾವ ಎಲ್ಲೆಲ್ಲಿ ಹರಡಿತೋ ಅಲ್ಲೆಲ್ಲ ಹರಡಿದ್ದು ಈ ಖಾಲಿ ಜಾಗವೇ.

ಸಣ್ಣ ವೇದಿಕೆಯ ತಂಡ

ಆರ್ಟ್ ನೆವಿಲ್ ಆಗಲೇ ಊರಿಗೆ ಗೊತ್ತಿದ್ದ ಹೆಸರು. ಹದಿಹರೆಯದಲ್ಲೇ ಹಾಕೆಟ್ಸ್ ಎಂಬ ತಂಡದೊಂದಿಗೆ ಅವನು ಹಾಡಿದ ‘ಮಾರ್ಡಿ ಗ್ರಾ ಮ್ಯಾಂಬೊ’ ಇವತ್ತಿಗೂ ಕಾರ್ನಿವಲ್ ಕಾಲದಲ್ಲಿ ನ್ಯೂ ಆರ್ಲಿಯನ್ಸಿನ ಬೀದಿಯಲ್ಲಿ ಕೇಳುತ್ತದೆ. ಅರವತ್ತರ ದಶಕದ ನಡುವೆ ಅವನು ಕಟ್ಟಿದ ‘ನೆವಿಲ್ ಸೌಂಡ್ಸ್’ ದೊಡ್ಡ ತಂಡ. ತಮ್ಮಂದಿರಾದ ಏರನ್ ಮತ್ತು ಸಿರಿಲ್ ಹಾಡುತ್ತಿದ್ದರು. ಬೋರ್ಬನ್ ಬೀದಿಯ ಐವನ್‌ಹೋ ಕ್ಲಬ್ಬಿನಲ್ಲಿ ಕೆಲಸ ಸಿಕ್ಕಾಗ ಅಲ್ಲಿಗೆ ಹೋದದ್ದು ವಾದ್ಯದ ನಾಲ್ವರು ಮಾತ್ರ. ತಮ್ಮಂದಿರು ಬೇರೆ ದಾರಿ ಹಿಡಿದರು.

ಹೀಗೆ ಜನ ಇಳಿದದ್ದು ಸಂಗೀತವನ್ನೇ ಬದಲಿಸಿತು. ಹಾಡುಗಾರ ಇದ್ದಾಗ ವಾದ್ಯದವರು ಅವನ ಹಿಂದೆ ಹಾಸಿಗೆ ಹಾಸಬೇಕು. ಹಾಡುಗಾರ ಹೋದ ಮೇಲೆ ಎರಡು ದಾರಿ ಉಳಿಯುತ್ತವೆ. ಒಬ್ಬ ಗಿಟಾರಿನವನೋ ಆರ್ಗನ್ನಿನವನೋ ಆ ಜಾಗವನ್ನು ತುಂಬಬೇಕು, ಇಲ್ಲವೇ ಲಯವೇ ಹಾಡಾಗಬೇಕು. ಮೀಟರ್ಸ್ ಎರಡನೆಯದನ್ನು ಹಿಡಿದರು. ವಾರದ ರಾತ್ರಿಗಳೆಲ್ಲ ಒಂದೇ ಕ್ಲಬ್ಬಿನಲ್ಲಿ, ಕುಣಿಯುವವರ ಮುಂದೆ, ಒಂದೇ ತುಣುಕನ್ನು ಬೇಕಾದಷ್ಟು ಹೊತ್ತು ಎಳೆಯುತ್ತ ನುಡಿಸುವವರಿಗೆ ಯಾವ ಸ್ವರ ಬೇಡ ಎನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಆಗ ಫಂಕ್‌ನ ಮಾದರಿ ಎಂದರೆ ಜೇಮ್ಸ್ ಬ್ರೌನ್. 1965ರಿಂದ 1967ರ ನಡುವೆ ಅವನ ತಂಡ ಇಡೀ ವಾದ್ಯವೃಂದವನ್ನು ತಾಳವಾದ್ಯದ ಹಾಗೆ ಬಳಸಲು ಶುರುಮಾಡಿತ್ತು. ಅಲ್ಲಿ ಎಲ್ಲರೂ ಬಂದು ಬೀಳುವುದು ಮೊದಲ ಪೆಟ್ಟಿನ ಮೇಲೆ. ಮೀಟರ್ಸ್‌ನಲ್ಲಿ ಮೊದಲ ಪೆಟ್ಟಿಗೆ ಅಂಥ ದರ್ಬಾರಿಲ್ಲ. ಒತ್ತು ಆವರ್ತನದ ಒಳಗೆ ಓಡಾಡಿ, ಹೆಚ್ಚಾಗಿ ನಾಲ್ಕನೆಯ ಪೆಟ್ಟಿನ ಹತ್ತಿರ ಬಂದು ಕೂರುತ್ತದೆ. ಇದಕ್ಕೆ ಊರಿನ ಮೆರವಣಿಗೆಯೇ ಕಾರಣ.

ಮೆರವಣಿಗೆಯ ಲೆಕ್ಕ

ನ್ಯೂ ಆರ್ಲಿಯನ್ಸಿನ ಮೆರವಣಿಗೆಯಲ್ಲಿ ಮುಂದೆ ಹೋಗುವುದು ಬ್ಯಾಂಡು ಮತ್ತು ಮೆರವಣಿಗೆ ನಡೆಸುವ ಸಂಘದವರು. ಹಿಂದೆ ಕುಣಿಯುತ್ತ ಬರುವ ಜನವೇ ‘ಸೆಕೆಂಡ್ ಲೈನ್’. ಅವರ ಕುಣಿತಕ್ಕೆ ಹೊಂದುವ ಬಡಿತಕ್ಕೂ ಅದೇ ಹೆಸರು ನಿಂತಿತು. ಬ್ಯಾಂಡಿನಲ್ಲಿ ಡ್ರಮ್ ಬಡಿಯುವವರು ಇಬ್ಬರು: ಒಬ್ಬನ ಕೊರಳಲ್ಲಿ ದೊಡ್ಡ ಬೇಸ್ ಡ್ರಮ್, ಅದರ ಮೇಲೊಂದು ಸಿಂಬಲ್, ಅಂದರೆ ಲೋಹದ ತಟ್ಟೆ. ಇನ್ನೊಬ್ಬನ ಹತ್ತಿರ ಸ್ನೇರ್, ಅಂದರೆ ಚುರುಕು ಸದ್ದಿನ ಸಣ್ಣ ಡ್ರಮ್. ನ್ಯೂ ಆರ್ಲಿಯನ್ಸಿನ ಡ್ರಮ್ಮರ್ ಕುಳಿತು ನುಡಿಸುವಾಗ ಈ ಇಬ್ಬರ ಕೆಲಸವನ್ನು ಒಬ್ಬನೇ ಮಾಡುತ್ತಾನೆ. ಮೋಡೆಲಿಸ್ಟ್‌ಗಿಂತ ಮುಂಚೆ ಸ್ಮೋಕಿ ಜಾನ್ಸನ್ ಇದನ್ನು ಚೆನ್ನಾಗಿ ಮಾಡುತ್ತಿದ್ದ. ಮೋಡೆಲಿಸ್ಟ್ ಅದನ್ನು ನಿಧಾನ ಮಾಡಿ, ತುಂಡರಿಸಿ, ಹೈಹ್ಯಾಟ್‌ಗೆ, ಅಂದರೆ ಪಾದದಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್‌ಗೆ, ಹಂಚಿದ.

ಲೆಕ್ಕ ಹೀಗೆ. ನಾಲ್ಕು ಪೆಟ್ಟಿನ ಒಂದು ಆವರ್ತನವನ್ನು ಚತುರಶ್ರ ನಡೆಯಲ್ಲಿ, ಪೆಟ್ಟಿಗೆ ನಾಲ್ಕರಂತೆ, 16 ಮಾತ್ರೆಗಳಾಗಿ ಎಣಿಸಿ. ಪಾದ 1, 5, 9, 13ರಲ್ಲಿ ಬೀಳಲಿ. ಚಪ್ಪಾಳೆಯನ್ನು 1, 4, 7, 11, 13ರಲ್ಲಿ ಹಾಕಿ. ಅಂದರೆ 3, 3, 4, 2, 4ರ ಅಂತರ. ಕ್ಯೂಬಾದ ಸಂಗೀತ ಕೇಳಿದವರಿಗೆ ಇದು ಅಲ್ಲಿನ ಕ್ಲಾವೆ ಎಂಬ ಮೂಲ ಬಡಿತ ಎಂದು ತಕ್ಷಣ ಗೊತ್ತಾಗುತ್ತದೆ. ಬಂದರು ಊರಾದ ನ್ಯೂ ಆರ್ಲಿಯನ್ಸಿಗೆ ಕೆರಿಬಿಯನ್ ಲಯಗಳು ಬಂದು ಸೇರಿದ್ದು ಬಹಳ ಹಿಂದೆ. ಪಾದವೂ ಚಪ್ಪಾಳೆಯೂ ಕೂಡುವುದು 1 ಮತ್ತು 13ರಲ್ಲಿ ಮಾತ್ರ. 13 ಎಂದರೆ ನಾಲ್ಕನೆಯ ಪೆಟ್ಟು. ಮೆರವಣಿಗೆಯ ಬೇಸ್ ಡ್ರಮ್ ಆ ಪೆಟ್ಟನ್ನೇ ಗಟ್ಟಿಯಾಗಿ ಹೊಡೆಯುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಸಿಗುವುದು ಕ್ಲಾವೆ, ನ್ಯೂ ಆರ್ಲಿಯನ್ಸ್ ಅಲ್ಲ. ಉಳಿದ ಅರ್ಧ ಇರುವುದು ಮಾತ್ರೆಗಳ ನಡುವಿನ ಅಂತರದಲ್ಲಿ. ಎರಡೆರಡು ಮಾತ್ರೆಗಳ ಜೋಡಿ ಮಾಡಿ: 1-2, 3-4, ಹೀಗೆ. ಎರಡೂ ಸಮವಾಗಿದ್ದರೆ ಅದು ನೇರ ನಡೆ. ಮೊದಲನೆಯದು ಎರಡರಷ್ಟು ಉದ್ದವಾಗಿ, ಎರಡನೆಯದು ಗಿಡ್ಡವಾದರೆ ತಿಶ್ರದ ತೂಗಾಟ, ಅಂದರೆ ಜಾಜ್‌ನ ಸ್ವಿಂಗ್. ನ್ಯೂ ಆರ್ಲಿಯನ್ಸಿನವರು ನುಡಿಸುವುದು ಇವೆರಡರ ನಡುವೆ. ‘ಸಿಸ್ಸಿ ಸ್ಟ್ರಟ್’ನ ವೇಗ ನಿಮಿಷಕ್ಕೆ ಸುಮಾರು 90 ಪೆಟ್ಟು ಎಂದಿಟ್ಟುಕೊಂಡರೆ ಒಂದು ಜೋಡಿಗೆ ಸಿಗುವ ಹೊತ್ತು 333 ಮಿಲಿಸೆಕೆಂಡ್. ನೇರ ನಡೆಯಲ್ಲಿ ಜೋಡಿಯ ಎರಡನೆಯ ಮಾತ್ರೆ 167ನೇ ಮಿಲಿಸೆಕೆಂಡಿನಲ್ಲಿ ಬೀಳುತ್ತದೆ, ತಿಶ್ರದಲ್ಲಿ 222ರಲ್ಲಿ. ಈ ಸಂಗೀತದ ರುಚಿ ಇರುವುದು ಸುಮಾರು 180ರಿಂದ 195ರ ಒಳಗೆ. ಡ್ರಮ್ ಮಷೀನ್ ಬಳಸುವವರ ಭಾಷೆಯಲ್ಲಿ ಸ್ವಿಂಗ್ 54ರಿಂದ 58 ಶೇಕಡ. 50 ಎಂದರೆ ನೇರ, 66ರ ಆಸುಪಾಸು ಎಂದರೆ ಪೂರ್ತಿ ತಿಶ್ರ.

ಇನ್ನೊಂದು ಸೂಕ್ಷ್ಮ. ಚಪ್ಪಾಳೆಯ ಐದು ಮಾತ್ರೆಗಳಲ್ಲಿ ಸಮಸಂಖ್ಯೆ 4 ಒಂದೇ. ಸ್ವಿಂಗ್ ತಾಗುವುದು ಸಮಸಂಖ್ಯೆಯ ಮಾತ್ರೆಗಳಿಗೆ. ಹಾಗಾಗಿ ಐದರಲ್ಲಿ ನಾಲ್ಕು ಪೆಟ್ಟು ಇದ್ದಲ್ಲೇ ಇರುತ್ತವೆ, 4ರದ್ದು ಮಾತ್ರ ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಕುಣಿಯುವವನ ಸೊಂಟಕ್ಕೆ ತಿಳಿಯುವುದು ಇದೇ. ಮಷೀನಿನಲ್ಲಿ ಸ್ವಿಂಗ್ ಸಂಖ್ಯೆ ಒತ್ತಿ ಕೂತರೆ ಹೈಹ್ಯಾಟ್, ಸ್ನೇರ್, ಕಿಕ್ (ಪಾದದಿಂದ ಬಡಿಯುವ ಬೇಸ್ ಡ್ರಮ್) ಮೂರೂ ಒಂದೇ ಅಳತೆಗೆ ಜರುಗುತ್ತವೆ, ಅಲ್ಲಿಗೆ ಜೀವ ಹೋಗುತ್ತದೆ. ಹೈಹ್ಯಾಟನ್ನು 54ರಲ್ಲಿಟ್ಟು ಸ್ನೇರ್‌ನ ಮೆಲುಪೆಟ್ಟುಗಳನ್ನು ಮಾತ್ರ 58ಕ್ಕೆ ತಳ್ಳಿ ನೋಡಿ, ವ್ಯತ್ಯಾಸ ಅಲ್ಲೇ ಕೇಳಿಸುತ್ತದೆ.

ಡ್ರಮ್ಸ್‌ನಲ್ಲಿ ಕೈಗೆ ತರುವುದು

ಮುಂದೆ ಕೊಟ್ಟಿರುವುದು ಯಾವುದೇ ಒಂದು ರೆಕಾರ್ಡಿನ ನಕಲಲ್ಲ, ಈ ಶೈಲಿಗೆ ಕೈ ಪಳಗಿಸುವ ಚೌಕಟ್ಟು.

ಪೆಟ್ಟು ಎಣಿಸುವ ಯಂತ್ರವಾದ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಡಿ. ಎರಡೂ ಕೈಗಳಿಂದ ಮುಚ್ಚಿದ ಹೈಹ್ಯಾಟ್ ಮೇಲೆ 16 ಮಾತ್ರೆ, ಬಲ-ಎಡ-ಬಲ-ಎಡ. ಬೆಸಸಂಖ್ಯೆಯೆಲ್ಲ ಬಲಗೈಗೆ, ಸಮಸಂಖ್ಯೆಯೆಲ್ಲ ಎಡಗೈಗೆ ಬರುತ್ತದೆ. ಈಗ 5 ಮತ್ತು 13ರಲ್ಲಿ ಬಲಗೈಯನ್ನು ಸ್ನೇರ್‌ಗೆ ಇಳಿಸಿ ಗಟ್ಟಿಯಾಗಿ ಹೊಡೆಯಿರಿ. ಆ ಕ್ಷಣ ಹೈಹ್ಯಾಟ್‌ನಲ್ಲಿ ಏನೂ ಇರುವುದಿಲ್ಲ. ಆ ಬಿಡುವನ್ನು ತುಂಬುವ ಆಸೆ ಬೇಡ, ಇಡೀ ವಿಷಯವೇ ಅದು. ಬಲಗೈಯಲ್ಲಿ ಹೈಹ್ಯಾಟ್, ಎಡಗೈಯಲ್ಲಿ ಸ್ನೇರ್ ಎಂಬ ರಾಕ್ ಅಭ್ಯಾಸದವರು ಎಡವುವುದು ಇಲ್ಲೇ. ಅವರ ಹೈಹ್ಯಾಟ್ ನಿಲ್ಲುವುದೇ ಇಲ್ಲ, ಸ್ನೇರ್ ಅದರಡಿ ಹೂತುಹೋಗುತ್ತದೆ.

ಕೈ ಕೂತ ಮೇಲೆ ಎಡಗೈಯನ್ನು 8, 10, 16ರಲ್ಲಿ ಸ್ನೇರ್‌ಗೆ ತನ್ನಿ, ಆದರೆ ಮೆಲ್ಲಗೆ. ಕೋಲಿನ ತುದಿ ಚರ್ಮದಿಂದ ಎರಡು ಮೂರು ಸೆಂಟಿಮೀಟರಿಗಿಂತ ಮೇಲೇಳಬಾರದು. 5 ಮತ್ತು 13ರ ಗಟ್ಟಿ ಪೆಟ್ಟಿಗೆ 20 ಸೆಂಟಿಮೀಟರ್ ಎತ್ತಬಹುದು. ಮೆಲುಪೆಟ್ಟು ಜೋರಾದರೆ ಮೂರು ಪೆಟ್ಟೂ ಗಟ್ಟಿ ಪೆಟ್ಟಿನ ಜೊತೆ ಸ್ಪರ್ಧೆಗೆ ಬಿದ್ದು ಆವರ್ತನ ಗೋಜಲಾಗುತ್ತದೆ. ಎರಡು ಮೀಟರ್ ದೂರದಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಿ. ಅದರಲ್ಲಿ ಮೆಲುಪೆಟ್ಟು ಬಿಡಿಬಿಡಿಯಾಗಿ ಎಣಿಸುವಷ್ಟು ಕೇಳಿಸಿದರೆ ಅದು ಜೋರಾಗಿದೆ ಎಂದೇ ಲೆಕ್ಕ. ಇರಬೇಕಾದದ್ದು ಉಸಿರಿನಷ್ಟು.

ಕೊನೆಗೆ ಕಿಕ್: 1, 4, 7, 11. ಕ್ಲಾವೆಯ ಐದನೆಯ ಪೆಟ್ಟು, ಅಂದರೆ 13, ಈಗಾಗಲೇ ಸ್ನೇರ್‌ನಲ್ಲಿದೆ. ಮೆರವಣಿಗೆಯ ಇಬ್ಬರು ಒಬ್ಬರಾಗುವುದು ಹೀಗೆ. 60ರಲ್ಲಿ ಐದು ನಿಮಿಷ ಅಲುಗದೆ ನಿಂತರೆ 70ಕ್ಕೆ, ಆಮೇಲೆ 80, 90. ವೇಗ ಏರಿದ ಹಾಗೆ ಸ್ವಿಂಗ್ ನೇರವಾಗಿಬಿಡುವುದು ಎಲ್ಲರಿಗೂ ಆಗುವ ತೊಂದರೆ. ಎಡಗೈ ಅವಸರಪಡುತ್ತದೆ, ಅಷ್ಟೇ. ಬಲಗೈ ನಿಲ್ಲಿಸಿ ಎಡಗೈಯ ಸಮಸಂಖ್ಯೆಗಳನ್ನು ಮಾತ್ರ ಮೆಟ್ರೊನೋಮ್ ಜೊತೆ ನುಡಿಸಿದರೆ ಅವಸರ ತಕ್ಷಣ ಬಯಲಾಗುತ್ತದೆ.

ಡ್ರಮ್ಮಿನ ಸದ್ದು ಒಣಗಿರಬೇಕು. ಸ್ನೇರ್‌ನ ಅಂಚಿನಲ್ಲಿ ಟೇಪು, ಕಿಕ್ಕಿನೊಳಗೆ ಚರ್ಮಕ್ಕೆ ತಾಗುವಂತೆ ಮಡಿಸಿದ ಕಂಬಳಿ. ಅನುರಣನ ಉಳಿದರೆ ಅದೇ ಖಾಲಿ ಜಾಗವನ್ನು ತಿನ್ನುತ್ತದೆ. ದೊಡ್ಡ ಹಾಲ್‌ನಲ್ಲಿ ಈ ಸಂಗೀತ ಮುದ್ದೆಯಾಗುವುದೂ ಇದೇ ಕಾರಣಕ್ಕೆ.

ಉಳಿದ ಮೂವರು

ಪೋರ್ಟರ್ ಬೇಸ್ ನುಡಿಸುವುದು ಬೆರಳಿನಿಂದ. ಅದೇ ವರ್ಷಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಲ್ಯಾರಿ ಗ್ರಹಾಮ್ ಹೆಬ್ಬೆರಳಿನಿಂದ ತಂತಿ ಬಡಿಯುವ ಸ್ಲ್ಯಾಪ್ ಶೈಲಿಯನ್ನು ಹರಡುತ್ತಿದ್ದ. ಮೀಟರ್ಸ್ ನುಡಿಸುವಾಗ ಸ್ಲ್ಯಾಪ್ ಹಾಕುವವರನ್ನು ಕಂಡರೆ ನನಗೆ ಎದ್ದು ಹೋಗಬೇಕೆನಿಸುತ್ತದೆ. ಪೋರ್ಟರ್‌ನಲ್ಲಿ ಗಮನಿಸಬೇಕಾದ್ದು ಸ್ವರ ಎಲ್ಲಿ ಮುಗಿಯುತ್ತದೆ ಎನ್ನುವುದು. ಸ್ವರ ಶುರುವಾಗುವ ಜಾಗ ಎಲ್ಲರಿಗೂ ಸಿಗುತ್ತದೆ. ಮುಗಿಸುವಾಗ ಎಡಗೈಯ ಬೆರಳನ್ನು ತಂತಿಯಿಂದ ಪೂರ್ತಿ ಎತ್ತದೆ ಸ್ವಲ್ಪ ಸಡಿಲಿಸಿದರೆ ಸದ್ದು ಕತ್ತರಿಸಿದ ಹಾಗೆ ನಿಲ್ಲುತ್ತದೆ. ಪೂರ್ತಿ ಎತ್ತಿದರೆ ಖಾಲಿ ತಂತಿ ಗುಂಯ್‌ಗುಡುತ್ತದೆ. ಸ್ನೇರ್ ಬೀಳುವ ಹೊತ್ತಿಗೆ ಬೇಸ್ ನಿಂತಿರಬೇಕು. ಎರಡೂ ಒಟ್ಟಿಗೆ ಸದ್ದು ಮಾಡಿದರೆ ಸ್ನೇರ್‌ನ ಏಟು ಅರ್ಧಕ್ಕೆ ಇಳಿಯುತ್ತದೆ.

‘ಸಿಸ್ಸಿ ಸ್ಟ್ರಟ್’ನ ಮೊದಲ ಭಾಗದಲ್ಲಿ ಗಿಟಾರೂ ಬೇಸೂ ಒಂದೇ ಸಾಲನ್ನು ಒಟ್ಟಿಗೆ ನುಡಿಸುತ್ತವೆ. ಎರಡು ವಾದ್ಯ ಕೂಡಿ ಒಂದೇ ದಪ್ಪ ವಾದ್ಯವಾಗುವ ಈ ಉಪಾಯ ಈಗ ಸಾಮಾನ್ಯ ಅನಿಸಬಹುದು. ಆದರೆ ನಾಲ್ವರೇ ಇರುವಾಗ ಇಬ್ಬರು ಒಂದೇ ಕೆಲಸ ಮಾಡಿದರೆ ಉಳಿದದ್ದೆಲ್ಲ ಬಯಲು. ಆ ಬಯಲು ಡ್ರಮ್ಮಿನದು. ಸಾಲಿನ ಆಧಾರ ಸ್ವರ ಸಿ, ಅದು ಐದು ಸ್ವರದ ಮೈನರ್ ಚೌಕಟ್ಟಿನ ಸುತ್ತ ಓಡಾಡುತ್ತದೆ. ಇಲ್ಲಿ ಗಿಟಾರಿನವರು ಮಾಡುವ ತಪ್ಪು ತುಂಬು ಕಾರ್ಡ್ ಹಿಡಿಯುವುದು ಮತ್ತು ಸದ್ದನ್ನು ಒಡೆಯುವ ಪೆಡಲ್ ಒತ್ತುವುದು. ಆಂಪ್ಲಿಫೈಯರ್ ಶುಭ್ರವಾಗಿರಲಿ. ಕಾರ್ಡ್ ಬೇಕಾದಲ್ಲಿ ತೆಳುವಾದ ಮೂರು ತಂತಿ ಸಾಕು, ಉಳಿದವನ್ನು ಎಡಗೈಯ ಹೆಬ್ಬೆರಳಿನಿಂದ ಮುಚ್ಚಿ. ದಪ್ಪ ತಂತಿಗಳು ಪೋರ್ಟರ್‌ನ ಜಾಗ.

ಆರ್ಗನ್ನಿನ ವಿಷಯದಲ್ಲಿ ಸಂಯಮ ಇನ್ನೂ ಕಷ್ಟ. ಹ್ಯಾಮಂಡ್ ಆರ್ಗನ್ ಒಂದು ಕೀ ಒತ್ತಿದರೆ ಬಿಡುವ ತನಕ ಕೂಗುತ್ತಲೇ ಇರುತ್ತದೆ, ಪಿಯಾನೊ ಹಾಗೆ ತಾನಾಗಿ ಆರುವುದಿಲ್ಲ. ಸದ್ದಿನ ಬಣ್ಣ ಬದಲಿಸಲು ಎಳೆಯುವ ಒಂಬತ್ತು ಸರಳುಗಳಲ್ಲಿ ಮೊದಲ ಮೂರನ್ನು ಪೂರ್ತಿ ಎಳೆದು ಉಳಿದವನ್ನು ಒಳಗೆ ತಳ್ಳಿ ಶುರುಮಾಡುವುದು ಸುರಕ್ಷಿತ. ಪರ್ಕಷನ್ ಗುಂಡಿ ಒತ್ತಿದರೆ ಪ್ರತಿ ಸ್ವರದ ಮೊದಲಿಗೆ ಟಕ್ಕೆನ್ನುವ ಅಂಚು ಬರುತ್ತದೆ. ಆದರೆ ಅದು ಕೆಲಸ ಮಾಡುವಾಗ ಕೊನೆಯ ಸರಳು ಮೂಕವಾಗುತ್ತದೆ, ಸರಳು ಕೆಟ್ಟಿದೆ ಎಂದು ಬಿಚ್ಚಿ ನೋಡುವ ಅಗತ್ಯವಿಲ್ಲ. ಒಳಗೆ ತಿರುಗುವ ಭಾಗವಿರುವ ಲೆಸ್ಲಿ ಸ್ಪೀಕರ್ ನಿಧಾನದ ತಿರುಗಣಿಯಲ್ಲೇ ಇರಲಿ. ಬೇಸ್ ನುಡಿಸುವವನು ಪಕ್ಕದಲ್ಲೇ ಇರುವಾಗ ಎಡಗೈಯಿಂದಲೋ ಪಾದದಿಂದಲೋ ಬೇಸ್ ಸ್ವರ ಕೊಡಬೇಡಿ. ಆರ್ಟ್ ನೆವಿಲ್ ಅನೇಕ ಕಡೆ ಒಂದು ಕಾರ್ಡ್ ಇಟ್ಟು ಕೈ ತೆಗೆದುಬಿಡುತ್ತಾನೆ. ತಂಡದ ಹಿರಿಯ, ನಾಯಕ, ಅಷ್ಟಾದರೂ ಅತಿ ಕಡಿಮೆ ನುಡಿಸುವವನು ಅವನೇ.

ಸ್ಟುಡಿಯೊದ ಮನೆಮಂದಿ

ಇದೇ ಗುಣ ಅವರನ್ನು ಊರಿನ ಅತಿ ಬೇಡಿಕೆಯ ಸ್ಟುಡಿಯೊ ತಂಡವನ್ನಾಗಿ ಮಾಡಿತು. ನಿರ್ಮಾಪಕ, ಗೀತಕಾರ ಅಲನ್ ಟೂಸಾಂಟ್ ಮತ್ತು ಅವನ ಪಾಲುದಾರ ಮಾರ್ಷಲ್ ಸೀಹಾರ್ನ್ ತಮ್ಮ ಸಾನ್ಸೂ ಸಂಸ್ಥೆಯ ರೆಕಾರ್ಡುಗಳಿಗೆ ಈ ನಾಲ್ವರನ್ನು ಬಳಸಿದರು. ಲೀ ಡಾರ್ಸಿಯ 1970ರ ಆಲ್ಬಮ್, 1973ರಲ್ಲಿ ಡಾ. ಜಾನ್‌ನ ‘ರೈಟ್ ಪ್ಲೇಸ್ ರಾಂಗ್ ಟೈಮ್’ (ಪಾಪ್ ಪಟ್ಟಿಯಲ್ಲಿ 9ನೇ ಸ್ಥಾನ), 1974ರಲ್ಲಿ ಇಂಗ್ಲೆಂಡಿನ ರಾಬರ್ಟ್ ಪಾಮರ್‌ನ ಮೊದಲ ಸ್ವಂತ ಆಲ್ಬಮ್, ಇವೆಲ್ಲದರ ಹಿಂದೆ ಮೀಟರ್ಸ್ ಇದ್ದಾರೆ. ಲಬೆಲ್ ತಂಡದ ‘ಲೇಡಿ ಮಾರ್ಮಲೇಡ್’ 1975ರಲ್ಲಿ ಮೊದಲ ಸ್ಥಾನಕ್ಕೇರಿತು. ಅದನ್ನು ಮುದ್ರಿಸಿದ್ದು ಟೂಸಾಂಟ್-ಸೀಹಾರ್ನ್ ಜೋಡಿ 1973ರಲ್ಲಿ ತೆರೆದ ಸಿ-ಸೇಂಟ್ ಸ್ಟುಡಿಯೊದಲ್ಲಿ. ಅದರಲ್ಲೂ ಮೀಟರ್ಸ್‌ನ ಸದಸ್ಯರಿದ್ದಾರೆ, ಆದರೆ ಡ್ರಮ್ಸ್ ಮಾತ್ರ ಹರ್ಮನ್ ಅರ್ನೆಸ್ಟ್‌ನದು. ಮೋಡೆಲಿಸ್ಟ್ ಎಂದು ಬರೆಯುವವರು ಬಹಳ. ಕಿವಿಗೊಟ್ಟರೆ ಹೈಹ್ಯಾಟೇ ಬೇರೆ ಎಂದು ಹೇಳುತ್ತದೆ.

ನಿರ್ಮಾಣ, ಗೀತೆಗಳ ಪ್ರಕಾಶನ ಎರಡೂ ಒಂದೇ ಕೈಯಲ್ಲಿದ್ದದ್ದು ತಂಡಕ್ಕೆ ದುಬಾರಿಯಾಯಿತು. ರಾಯಲ್ಟಿಯ ತಕರಾರು ದಶಕಗಳ ಕಾಲ ಎಳೆಯಿತು. ಬರೆದು ನುಡಿಸುವವರು ನೆನಪಿಡಬೇಕಾದ ಮಾತೆಂದರೆ, ರೆಕಾರ್ಡಿನ ಹಕ್ಕು ಬೇರೆ, ರಚನೆಯ ಹಕ್ಕು ಬೇರೆ. ಮುಂದೆ ಯಾರಾದರೂ ಸ್ಯಾಂಪಲ್ ತೆಗೆದಾಗ, ಅಂದರೆ ರೆಕಾರ್ಡಿನ ತುಂಡೊಂದನ್ನು ತಮ್ಮ ಹಾಡಿಗೆ ಬಳಸಿದಾಗ, ಎರಡಕ್ಕೂ ಬೇರೆ ಬೇರೆ ಅನುಮತಿ, ಬೇರೆ ಬೇರೆ ದುಡ್ಡು. ಇಂಥ ತಂಡದಲ್ಲಿ ಲಯವೇ ರಚನೆ. ಆದರೆ ಹಕ್ಕಿನ ಲೆಕ್ಕದಲ್ಲಿ ರಾಗ ಮತ್ತು ಮಾತಿಗೆ ಸಿಗುವ ಬೆಲೆ ಡ್ರಮ್ಮಿನ ಬಡಿತಕ್ಕೆ ಸಿಗುವುದಿಲ್ಲ. ಡ್ರಮ್ಮರ್‌ನ ಹೆಸರನ್ನು ರಚನಕಾರರ ಪಟ್ಟಿಯಲ್ಲಿ ಸೇರಿಸಿ ಬರೆಸದಿದ್ದರೆ ಆಮೇಲೆ ಕೇಳಲು ಬಾಯಿರುವುದಿಲ್ಲ.

ಜೋಸಿ ಕಂಪನಿ ಮುಳುಗಿದ ಮೇಲೆ ತಂಡ ರಿಪ್ರೀಸ್‌ಗೆ ಹೋಯಿತು. 1972ರ ‘ಕ್ಯಾಬೇಜ್ ಆಲಿ’ಯಿಂದ ಹಾಡುಗಾರಿಕೆ ಹೆಚ್ಚಿತು. 1974ರ ‘ರಿಜುವಿನೇಶನ್’ ನನ್ನ ಲೆಕ್ಕದಲ್ಲಿ ಅವರ ಶಿಖರ. ಹಾಡಿದ್ದರೂ ಜಾಗ ಉಳಿದಿದೆ, ಅದರ ‘ಹೇ ಪಾಕಿ ಎ-ವೇ’ಯಲ್ಲಿ ಮೆರವಣಿಗೆಯ ಲಯ ಬಟಾಬಯಲಾಗಿ ಕೇಳುತ್ತದೆ. 1975ರ ಹೊತ್ತಿಗೆ ಸಿರಿಲ್ ನೆವಿಲ್ ಕಾಂಗಾ ಎಂಬ ಕೈಡ್ರಮ್ ಮತ್ತು ದನಿಯೊಂದಿಗೆ ಐದನೆಯವನಾಗಿ ಸೇರಿದ. 1975 ಮತ್ತು 1976ರಲ್ಲಿ ರೋಲಿಂಗ್ ಸ್ಟೋನ್ಸ್ ಜೊತೆ ಪ್ರವಾಸ ಮಾಡಿದರು. ಕ್ಲಬ್ಬಿನ ಗೋಡೆಗಳಿಗೆ ಹುಟ್ಟಿದ ಸಂಗೀತ ಕ್ರೀಡಾಂಗಣದಲ್ಲಿ ಹೇಗೆ ಕೇಳಿಸಿರಬಹುದು ಎಂಬುದಕ್ಕೆ ಮೇಲಿನ ಅನುರಣನದ ಮಾತೇ ಸಾಕು. 1976ರಲ್ಲಿ ನೆವಿಲ್‌ಗಳ ಸೋದರಮಾವ ಜಾರ್ಜ್ ಲ್ಯಾಂಡ್ರಿ ಮುಂದಾಳಾಗಿದ್ದ ‘ವೈಲ್ಡ್ ಚಾಪಿಟೂಲಸ್’ ಆಲ್ಬಮ್‌ಗೆ ನುಡಿಸಿದರು. ಮಾರ್ಡಿ ಗ್ರಾ ಇಂಡಿಯನ್ನರ, ಅಂದರೆ ಕಾರ್ನಿವಲ್‌ನಲ್ಲಿ ಅಮೆರಿಕದ ಮೂಲನಿವಾಸಿಗಳ ವೇಷ ತೊಟ್ಟು ಮೆರವಣಿಗೆ ಹೋಗುವ ಕಪ್ಪು ಜನರ ಗುಂಪುಗಳ ಹಾಡುಗಳವು, ಬಿಡದೆ ಕೇಳಿ. 1977ರ ‘ನ್ಯೂ ಡೈರೆಕ್ಷನ್ಸ್’ ಹೊತ್ತಿಗೆ ಕಾಲ ಡಿಸ್ಕೊದ್ದು, ನಾಲ್ಕೂ ಪೆಟ್ಟಿಗೆ ಕಿಕ್ ಬೇಡುವ ಕಾಲ. ಅಲ್ಲಿ ಖಾಲಿ ಜಾಗಕ್ಕೆ ಗಿರಾಕಿಯಿರಲಿಲ್ಲ. ಆರ್ಟ್ ಹೊರಬಂದು ತಮ್ಮಂದಿರ ಜೊತೆ ನೆವಿಲ್ ಬ್ರದರ್ಸ್ ಕಟ್ಟಿದ, ತಂಡ ಕರಗಿತು.

ಸ್ಯಾಂಪಲ್ ಆಗಿ ಮರಳಿದ್ದು

ಎಂಬತ್ತರ ದಶಕದ ಹಿಪ್‌ಹಾಪ್‌ಗೆ ಬೇಕಿದ್ದದ್ದು ಈ ರೆಕಾರ್ಡುಗಳಲ್ಲಿ ಮೊದಲೇ ಸಿದ್ಧವಾಗಿತ್ತು. ಸ್ಯಾಂಪಲರ್‌ಗೆ ಬೇಕಾದದ್ದು ಒಂದೋ ಎರಡೋ ಆವರ್ತನ, ಮೇಲೆ ದನಿ ಬೀಳದ, ಅನುರಣನ ಇಲ್ಲದ, ಡ್ರಮ್ ಬಿಡಿಯಾಗಿ ಕೇಳುವ ತುಂಡು. ಬೇರೆಯವರ ರೆಕಾರ್ಡಿನಲ್ಲಿ ಅಂಥದ್ದು ಹಾಡಿನ ನಡುವೆ ಕೆಲವೇ ಸೆಕೆಂಡು ಸಿಗುತ್ತಿತ್ತು. ಮೀಟರ್ಸ್‌ನಲ್ಲಿ ಮುಕ್ಕಾಲು ಪಾಲು ಹಾಗೇ ಇದೆ. ವೇಗವೂ ಹೊಂದುತ್ತದೆ. ಹಳೆಯ ಸ್ಯಾಂಪಲರ್‌ನಲ್ಲಿ ವೇಗ ಏರಿಸಿದರೆ ಶ್ರುತಿಯೂ ಏರುತ್ತಿತ್ತು. 90ನ್ನು 95ಕ್ಕೆ ಒಯ್ದರೆ ಏರಿಕೆ ಸುಮಾರು ಐದೂವರೆ ಶೇಕಡ, ಅಂದರೆ ಹೆಚ್ಚುಕಡಿಮೆ ಒಂದು ಸ್ವರಸ್ಥಾನ. ಕಿವಿ ಅಷ್ಟನ್ನು ಒಪ್ಪುತ್ತದೆ, ಸ್ನೇರ್ ಸ್ವಲ್ಪ ಚುರುಕಾಗುತ್ತದೆ. 110ಕ್ಕೆ ಎಳೆದರೆ ಆಟಿಕೆಯ ಡ್ರಮ್ಮು. ಲೂಪ್, ಅಂದರೆ ಮತ್ತೆ ಮತ್ತೆ ಸುತ್ತುವ ತುಂಡು, ಕತ್ತರಿಸುವಾಗ ಕೊನೆಯ ಅಂಚನ್ನು 16ನೇ ಮಾತ್ರೆಯ ಮೆಲುಪೆಟ್ಟು ಮುಗಿದ ಮೇಲೆ ಹಾಕಿ. ಅದು ತುಂಡಾದರೆ ಪ್ರತಿ ಸುತ್ತಿನಲ್ಲೂ ಲಯ ಮುಗ್ಗರಿಸುತ್ತದೆ, ಕಾರಣ ಹುಡುಕುವುದು ಕಷ್ಟ.

‘ರಿಜುವಿನೇಶನ್’ನ ‘ಜಸ್ಟ್ ಕಿಸ್ಡ್ ಮೈ ಬೇಬಿ’ಯನ್ನು 1987ರಲ್ಲಿ ಹಿಪ್‌ಹಾಪ್ ತಂಡ ಪಬ್ಲಿಕ್ ಎನಿಮಿ ಬಳಸಿತು. 2005ರಲ್ಲಿ ಗಾಯಕಿ ಅಮೆರೀಯ ‘ಒನ್ ಥಿಂಗ್’ ನಿಂತಿರುವುದು ‘ಓ, ಕಲ್ಕಟಾ!’ ಎಂಬ ನಾಟಕದ ಹಾಡಿನ ಮೀಟರ್ಸ್ ರೂಪದ ಮೇಲೆ. ಅದರಲ್ಲಿ ಮೋಡೆಲಿಸ್ಟ್‌ನ ಡ್ರಮ್ ಹಾಡಿಗೆ ಜೊತೆ ಕೊಡುವುದಿರಲಿ, ಹಾಡನ್ನೇ ಎಳೆದುಕೊಂಡು ಓಡುತ್ತದೆ. ರಾಕ್ ಕಡೆ, ಜಾರ್ಜ್ ಕ್ಲಿಂಟನ್ ನಿರ್ಮಿಸಿದ ರೆಡ್ ಹಾಟ್ ಚಿಲಿ ಪೆಪರ್ಸ್‌ನ 1985ರ ಆಲ್ಬಮ್‌ನಲ್ಲಿ ಮೀಟರ್ಸ್‌ನ ‘ಆಫ್ರಿಕಾ’ ಹೊಸ ಹೆಸರಿನಲ್ಲಿ ಬಂತು. ನ್ಯೂ ಆರ್ಲಿಯನ್ಸಿನಲ್ಲೇ ಗ್ಯಾಲಾಕ್ಟಿಕ್ ತಂಡದ ಸ್ಟ್ಯಾಂಟನ್ ಮೂರ್ ಮೋಡೆಲಿಸ್ಟ್‌ನ ಕೈಚಳಕವನ್ನು ಮುಂದಿನ ಪೀಳಿಗೆಗೆ ಪಾಠ ಮಾಡಿ ಕೊಟ್ಟ.

ಮೂಲ ನಾಲ್ವರು 2005ರಲ್ಲಿ ಊರಿನ ಜಾಜ್ ಉತ್ಸವದಲ್ಲಿ ಮತ್ತೆ ಕೂಡಿದರು. ಅದೇ ವರ್ಷ ಕತ್ರಿನಾ ಚಂಡಮಾರುತದ ನೀರು ಸಿ-ಸೇಂಟ್ ಸ್ಟುಡಿಯೊವನ್ನು ಹಾಳುಮಾಡಿತು. 2018ರಲ್ಲಿ ತಂಡಕ್ಕೆ ಗ್ರ್ಯಾಮಿಯ ಜೀವಮಾನ ಸಾಧನೆಯ ಗೌರವ ಬಂತು. 2019ರ ಜುಲೈಯಲ್ಲಿ ಆರ್ಟ್ ನೆವಿಲ್ ತೀರಿಕೊಂಡ.

ಹೊಸದಾಗಿ ಕೇಳುವವರು ಜನಪ್ರಿಯ ಹಾಡುಗಳ ಸಂಕಲನದಿಂದ ಶುರುಮಾಡದೆ, 1969ರ ಮೊದಲ ಆಲ್ಬಮ್, ‘ಲುಕ್-ಕಾ ಪೈ ಪೈ’, ಆಮೇಲೆ ‘ರಿಜುವಿನೇಶನ್’, ಈ ಕ್ರಮದಲ್ಲಿ ಹೋಗಿ. ಮೊದಲ ಸಲ ಡ್ರಮ್ ಮಾತ್ರ ಹಿಡಿಯಿರಿ, ಎರಡನೆಯ ಸಲ ಬೇಸ್. ಮೂರನೆಯ ಸಲ ಆರ್ಗನ್ ಯಾವ ಮಾತ್ರೆಯಲ್ಲಿ ನಿಲ್ಲುತ್ತದೆ ಎಂದು ಪಾದದಲ್ಲಿ ಎಣಿಸುತ್ತ ಕೇಳಿ. ಫೋನಿನ ಸ್ಪೀಕರ್‌ನಲ್ಲಿ ಪೋರ್ಟರ್‌ನ ಬೇಸ್ ಕೇಳಿಸುವುದೇ ಇಲ್ಲ, ಇಯರ್‌ಫೋನ್ ಬೇಕೇ ಬೇಕು.